ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ನೆಟ್‌ವರ್ಕ್ ಕಾರ್ಡಿನ ದೋಷನಿರ್ಣಯ

ಯಂತ್ರವೊಂದು ಕೆಟ್ಟಿದೆಯೆಂದು ಹೇಳುವುದು ಸುಲಭ. ಅದರ ಯಾವ ಭಾಗ ಕೆಟ್ಟಿದೆ, ನಿಜವಾಗಿಯೂ ಕೆಟ್ಟಿದೆಯೇ ಎಂಬುದನ್ನು ನಿರ್ಣಯಿಸುವುದು ಅಷ್ಟು ಸುಲಭವಲ್ಲ. ಲ್ಯಾಪ್‌ಟಾಪಿನ ನೆಟ್‌ವರ್ಕ್ ಕಾರ್ಡಿನ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಪ್ರಸ್ತುತ ಲೇಖನದಲ್ಲಿ ಲಿನಕ್ಸ್ ಮುಂತಾದ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಇಂಥ ದೋಷವನ್ನು ಶೋಧಿಸತಕ್ಕ ಕ್ರಮವನ್ನು, ನಮ್ಮ ಅನುಭವಕ್ಕೆ ಬಂದ ಒಂದು ಪ್ರಸಂಗದ ಮೂಲಕ ವಿವರಿಸಲು ಉದ್ದೇಶಿಸಿದ್ದೇವೆ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯಲ್ಲಿ ಆನಗೋಡು ಎಂಬ ಊರಿದೆ. ಅಲ್ಲಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ತನ್ನ ಲ್ಯಾಪ್‌ಟಾಪನ್ನು ನಮ್ಮಲ್ಲಿಗೆ ತಂದನು. ಅದು ಬೇರೊಬ್ಬರು ಬಳಸಿದ್ದ ಹಳೆಯ ಯಂತ್ರ. ಅದರಲ್ಲಿ ಲಿನಕ್ಸಿನ ಒಂದು ರೂಪವಾದ ಡೆಬಿಯನ್ ಇದ್ದಿತು. ವೈಫೈ ಮಾತ್ರ ಹಿಡಿಯುತ್ತಿರಲಿಲ್ಲ. ರಿಪೇರಿ ಮಾಡುವವರೊಬ್ಬರು ಕಾರ್ಡು ಸತ್ತಿದೆಯೆಂದೂ, ಯಂತ್ರ ಹಳೆಯದಾದ್ದರಿಂದ ಹೊಸದನ್ನು ಕೊಳ್ಳುವುದೇ ಲೇಸೆಂದೂ ಹೇಳಿ ಕಳುಹಿಸಿದ್ದರು. ಅಂತಿಮ ವರ್ಷದ ಪ್ರಾಜೆಕ್ಟಿನ ಕೆಲಸವೆಲ್ಲ ಆ ಯಂತ್ರದಲ್ಲಿಯೇ ನಡೆಯಬೇಕಾಗಿದ್ದಿತು. ಹೊಸದನ್ನು ಕೊಳ್ಳುವ ಶಕ್ತಿ ಅವನ ಮನೆಯವರಿಗೆ ಇರಲಿಲ್ಲ. ಪರೀಕ್ಷಿಸಿ ನೋಡಲಾಗಿ ಕಾರ್ಡು ಸತ್ತಿರಲಿಲ್ಲ. ಆದರೂ ಹಾಗೆಂದು ತೀರ್ಮಾನಿಸಿದವರನ್ನು ಅವಿವೇಕಿಗಳೆನ್ನಲಾಗದು. ಅವರು ತಪ್ಪಿದ್ದು ಎಲ್ಲಿ ಎಂಬುದರಲ್ಲಿಯೇ ಈ ಲೇಖನದ ತಿರುಳಿದೆ.

ಯುನಿಕ್ಸ್ ವ್ಯವಸ್ಥೆಯು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಅದರ ಮಾದರಿಯನ್ನು ಅನುಸರಿಸಿ 1991ರಲ್ಲಿ ಲಿನಕ್ಸ್ ಆರಂಭವಾಯಿತು. ಫ್ರೀಬಿಎಸ್‌ಡಿ 1993ರಲ್ಲಿಯೂ, ಓಪನ್‌ಬಿಎಸ್‌ಡಿ 1995ರಲ್ಲಿಯೂ ತಲೆಯೆತ್ತಿದವು. ಇವುಗಳೆಲ್ಲಕ್ಕೂ ಸಮಾನವಾದ ಒಂದು ಗುಣವುಂಟು. ವ್ಯವಸ್ಥೆಯ ತಿರುಳಾದ ಕರ್ನೆಲ್ ತಾನು ಯಾವ ಸಾಧನವನ್ನು ಕಂಡೆ, ಅದರೊಡನೆ ವ್ಯವಹರಿಸುವಾಗ ಎಲ್ಲಿ ತಡೆಯುಂಟಾಯಿತು ಎಂಬುದನ್ನು ಬರೆದಿಡುತ್ತದೆ. ಆ ದಾಖಲೆಯನ್ನು ಓದಬಲ್ಲವನು ಊಹೆಯನ್ನು ಅವಲಂಬಿಸಬೇಕಾಗಿಲ್ಲ.

ಕಾರ್ಡು ಜಾಲವನ್ನು ಸೇರಬೇಕಾದರೆ ಐದು ಮೆಟ್ಟಿಲುಗಳನ್ನು ಏರಬೇಕು. ಕೆಳಗಿನದು ದೃಢವಾಗದ ಹೊರತು ಮೇಲಿನದನ್ನು ಪರೀಕ್ಷಿಸಿ ಫಲವಿಲ್ಲ.

ಮೊದಲನೆಯದು, ಯಂತ್ರದ ಕಣ್ಣಿಗೆ ಕಾರ್ಡು ಬೀಳುವುದು. 'ಎಲ್‌ಎಸ್‌ಪಿಸಿಐ' ಎಂಬ ಆಜ್ಞೆಯನ್ನು ಕೊಟ್ಟರೆ ಮದರ್‌ಬೋರ್ಡಿನ ಪಿಸಿಐ ಮಾರ್ಗಕ್ಕೆ ಸೇರಿದ ಸಾಧನಗಳ ಪಟ್ಟಿ ಬರುತ್ತದೆ. ಪ್ರತಿಯೊಂದು ಸಾಧನಕ್ಕೂ ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ ಎಂದು ಎರಡು ಗುರುತುಗಳುಂಟು. ಇವು ಹದಿನಾರರ ಆಧಾರದ ಸಂಖ್ಯೆಗಳು. ಇಂಟೆಲ್ ತಯಾರಕರದು 8086, ಬ್ರಾಡ್‌ಕಾಮ್‌ನದು 14ಇ4, ರಿಯಲ್‌ಟೆಕ್‌ನದು 10ಇಸಿ. ಕಾರ್ಡು ಈ ಪಟ್ಟಿಯಲ್ಲಿ ಕಾಣದಿದ್ದರೆ ಅದು ಸಡಿಲಗೊಂಡಿರಬಹುದು, ಬಯೋಸ್‌ನಲ್ಲಿ ನಿಲ್ಲಿಸಲ್ಪಟ್ಟಿರಬಹುದು, ಅಥವಾ ನಿಜವಾಗಿಯೇ ಕೆಟ್ಟಿರಬಹುದು. ಕಂಡರೆ ಅದು ಕರೆಗೆ ಓಗೊಡುತ್ತಿದೆ ಎಂದರ್ಥ. ಸತ್ತಿದೆಯೆಂಬ ಮಾತಿಗೆ ಆಗ ಆಧಾರ ಉಳಿಯುವುದಿಲ್ಲ.

ಎರಡನೆಯದು, ಚಾಲಕ ತಂತ್ರಾಂಶ, ಅಂದರೆ ಡ್ರೈವರ್. ಅದೇ ಆಜ್ಞೆಗೆ 'ಕೆ' ಎಂಬ ಸೂಚನೆಯನ್ನು ಸೇರಿಸಿದರೆ ಯಾವ ಡ್ರೈವರ್ ಆ ಕಾರ್ಡನ್ನು ವಹಿಸಿಕೊಂಡಿದೆಯೆಂಬುದು ತಿಳಿಯುತ್ತದೆ. ಕೆಲವು ಕಾರ್ಡುಗಳಿಗೆ ಎರಡು ಡ್ರೈವರ್‌ಗಳಿರುತ್ತವೆ. ಒಂದನ್ನು ಸ್ಥಾಪಿಸುವಾಗ ಇನ್ನೊಂದನ್ನು ತಡೆಪಟ್ಟಿಗೆ ಸೇರಿಸುವುದುಂಟು. ಮುಂದೆ ಕರ್ನೆಲ್ ಬದಲಾದಾಗ ಮೊದಲನೆಯದು ಹೊಂದದೆ ಹೋಗಿ, ಎರಡನೆಯದಕ್ಕೆ ಅನುಮತಿಯೂ ಇಲ್ಲದೆ ಕಾರ್ಡು ಅನಾಥವಾಗುತ್ತದೆ.

ಮೂರನೆಯದು ಫರ್ಮ್‌ವೇರ್. ಕಾರ್ಡಿನೊಳಗೆ ಒಂದು ಸಣ್ಣ ಗಣಕವೇ ಇದೆಯೆಂದು ಭಾವಿಸಬಹುದು. ಅದು ನಡೆಯಬೇಕಾದರೆ ಅದಕ್ಕೆ ತನ್ನದೇ ಆದ ಕಿರು ತಂತ್ರಾಂಶ ಬೇಕು. ಅನೇಕ ಕಾರ್ಡುಗಳು ಇದನ್ನು ತಮ್ಮಲ್ಲಿ ಇಟ್ಟುಕೊಳ್ಳದೆ, ಯಂತ್ರ ಹೊತ್ತಿದಾಗಲೆಲ್ಲ ಡ್ರೈವರಿನ ಮೂಲಕ ಪಡೆಯುತ್ತವೆ. ಆ ಕಡತವಿಲ್ಲದಿದ್ದರೆ ಡ್ರೈವರ್ ಸರಿಯಿದ್ದರೂ ಕಾರ್ಡು ಸ್ತಬ್ಧ.

ನಾಲ್ಕನೆಯದು ರೇಡಿಯೋ. 'ಆರ್‌ಎಫ್‌ಕಿಲ್' ಎಂಬ ಆಜ್ಞೆಯು ಎರಡು ಬಗೆಯ ತಡೆಗಳನ್ನು ತೋರಿಸುತ್ತದೆ. ಮೃದು ತಡೆಯನ್ನು ಆಜ್ಞೆಯಿಂದಲೇ ತೆಗೆಯಬಹುದು. ಕಠಿಣ ತಡೆಯು ಯಂತ್ರದ ಅಂಚಿನಲ್ಲಿರುವ ಸ್ವಿಚ್ಚು ಮುಂತಾದವುಗಳಿಂದ ಬರತಕ್ಕದ್ದು. ಅದನ್ನು ಕೈಯಿಂದಲೇ ಸರಿಪಡಿಸಬೇಕು.

ಐದನೆಯದು ವಿಳಾಸ ಮತ್ತು ಹೆಸರು. ರೂಟರಿನ ಸಂಪರ್ಕ ದೊರೆತ ಮೇಲೆ ಯಂತ್ರಕ್ಕೆ ಐಪಿ ವಿಳಾಸ ಬರಬೇಕು. ಅದು 169.254 ಎಂದು ಆರಂಭವಾಗಿದ್ದರೆ ಯಾರೂ ವಿಳಾಸ ಕೊಡದೆ ಯಂತ್ರವು ತಾನೇ ಒಂದನ್ನು ಇಟ್ಟುಕೊಂಡಿದೆಯೆಂದು ತಿಳಿಯಬೇಕು. ವಿಳಾಸ ಸರಿಯಿದ್ದರೆ 'ಪಿಂಗ್' ಆಜ್ಞೆಯಿಂದ ಮೊದಲು ರೂಟರನ್ನು, ಬಳಿಕ ಹೊರಗಿನ ಒಂದು ಸಂಖ್ಯಾವಿಳಾಸವನ್ನು, ಕೊನೆಗೆ ಒಂದು ಹೆಸರನ್ನು ಕರೆದು ನೋಡಬೇಕು. ಸಂಖ್ಯೆ ಓಗೊಟ್ಟು ಹೆಸರು ಓಗೊಡದಿದ್ದರೆ ದೋಷವು ಡಿಎನ್‌ಎಸ್‌ನಲ್ಲಿದೆ. ಕಾರ್ಡಿನ ಮೇಲೆ ಅಪವಾದ ಹೊರಿಸುವುದು ಅನ್ಯಾಯ.

ಇನ್ನು ಆನಗೋಡಿನ ವಿದ್ಯಾರ್ಥಿಯ ಯಂತ್ರಕ್ಕೆ ಬರೋಣ. ಕಾರ್ಡು ಪಟ್ಟಿಯಲ್ಲಿ ಕಂಡಿತು. ಗುರುತು 14ಇ4 ಮತ್ತು 4315, ಅಂದರೆ ಬ್ರಾಡ್‌ಕಾಮ್‌ನ 4312 ಎಂಬ ಚಿಪ್ಪು. 'ಬಿ43' ಎಂಬ ಡ್ರೈವರ್ ಅದನ್ನು ವಹಿಸಿಕೊಂಡಿದ್ದಿತು. ಡಿ, ಎಂ, ಇ, ಎಸ್, ಜಿ ಎಂಬ ಐದು ಅಕ್ಷರಗಳ ಆಜ್ಞೆಯನ್ನು ನಿರ್ವಾಹಕನ ಅಧಿಕಾರದಿಂದ ಕೊಟ್ಟು ಕರ್ನೆಲಿನ ದಾಖಲೆಯನ್ನು ತೆರೆದಾಗ, ಫರ್ಮ್‌ವೇರ್ ಕಡತ ಸಿಕ್ಕಲಿಲ್ಲವೆಂಬ ಸಾಲು ಸ್ಪಷ್ಟವಾಗಿ ಕಂಡುಬಂದಿತು.

ಇಲ್ಲಿ ಒಂದು ಶಂಕೆ ಉದ್ಭವಿಸಬಹುದು: ಆ ಕಡತವನ್ನು ಡೆಬಿಯನ್ ತನ್ನೊಡನೆ ಏಕೆ ಕೊಡಲಿಲ್ಲ? ಮುಕ್ತವಲ್ಲದ ಫರ್ಮ್‌ವೇರನ್ನು ಅಧಿಕೃತ ಸ್ಥಾಪನಾ ಮಾಧ್ಯಮದಲ್ಲಿ ಸೇರಿಸಬಹುದೆಂದು ಡೆಬಿಯನ್ ಬಳಗವು 2022ರಲ್ಲಿ ಮತದಾನದಿಂದ ನಿರ್ಣಯಿಸಿತು. 2023ರಲ್ಲಿ ಬಂದ 12ನೆಯ ಆವೃತ್ತಿಯಲ್ಲಿ ಅದು ಜಾರಿಗೆ ಬಂದಿತು. ಆದರೆ ಈ ಹಳೆಯ ಚಿಪ್ಪಿನ ಫರ್ಮ್‌ವೇರನ್ನು ಇತರರು ಹಂಚಲು ಅನುಮತಿಯಿಲ್ಲ. ಆದಕಾರಣ ಅದನ್ನು ಜಾಲದಿಂದ ಇಳಿಸಿಕೊಳ್ಳುವ ಒಂದು ಪ್ಯಾಕೇಜು ಮಾತ್ರ ದೊರೆಯುತ್ತದೆ. ಜಾಲ ಸೇರಲು ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ಪಡೆಯಲು ಜಾಲ ಬೇಕು! ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯಂತಾಯಿತು. ಇದಕ್ಕೆ ಉಪಾಯ ವಿದ್ಯಾರ್ಥಿಯ ಜೇಬಿನಲ್ಲಿಯೇ ಇದ್ದಿತು. ಮೊಬೈಲ್ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ ಟೆದರಿಂಗ್ ಆರಂಭಿಸಿದರೆ, ಲಿನಕ್ಸಿಗೆ ಅದು ತಂತಿಯ ನೆಟ್‌ವರ್ಕ್ ಕಾರ್ಡಿನಂತೆಯೇ ತೋರುತ್ತದೆ. ಹಾಗೆ ಮಾಡಿ ಫರ್ಮ್‌ವೇರನ್ನು ಸ್ಥಾಪಿಸಿದೆವು.

ಅಷ್ಟಾದರೂ ವೈಫೈ ಬರಲಿಲ್ಲ. ಈ ಘಟ್ಟದಲ್ಲಿ ಕೈಬಿಟ್ಟಿದ್ದರೆ ನಾವೂ ಕಾರ್ಡು ಸತ್ತಿದೆಯೆಂದೇ ಹೇಳುತ್ತಿದ್ದೆವು. ಆದರೆ ದಾಖಲೆಯನ್ನು ಮತ್ತೆ ನೋಡಲಾಗಿ ಫರ್ಮ್‌ವೇರಿನ ದೂರು ಮಾಯವಾಗಿದ್ದಿತು. ಎಂದರೆ ಮೂರನೆಯ ಮೆಟ್ಟಿಲು ಮುಗಿಯಿತು, ನಾಲ್ಕನೆಯದನ್ನು ನೋಡಬೇಕು. ಆರ್‌ಎಫ್‌ಕಿಲ್ ಕಠಿಣ ತಡೆಯಿದೆಯೆಂದು ತೋರಿಸಿತು. ಯಂತ್ರದ ಅಂಚಿನ ಪುಟ್ಟ ಸ್ವಿಚ್ಚು, ಪ್ರಾಯಶಃ ಚೀಲದೊಳಗಿನ ಒತ್ತಡದಿಂದ, ಸರಿದುಹೋಗಿದ್ದಿತು. ಅದನ್ನು ಉಗುರಿನಿಂದ ಹಿಂದಕ್ಕೆ ಸರಿಸಿದೊಡನೆ ಸುತ್ತಲಿನ ವೈಫೈಗಳ ಹೆಸರುಗಳು ಒಂದೊಂದಾಗಿ ಮೂಡಿದವು. ಒಂದು ಪೈಸೆಯೂ ಖರ್ಚಾಗಲಿಲ್ಲ.

ಮೊದಲು ಪರೀಕ್ಷಿಸಿದವರು ತಪ್ಪಿದ್ದು ಹೇಗೆಂಬುದನ್ನು ಈಗ ಊಹಿಸಬಹುದು. ದೋಷಗಳು ಎರಡಿದ್ದವು. ಸ್ವಿಚ್ಚನ್ನು ಮಾತ್ರ ಸರಿಪಡಿಸಿದರೆ ಫರ್ಮ್‌ವೇರಿಲ್ಲದೆ ವೈಫೈ ಬಾರದು. ಫರ್ಮ್‌ವೇರನ್ನು ಮಾತ್ರ ಹಾಕಿದರೆ ಸ್ವಿಚ್ಚು ಬಿಡದು. ಪ್ರತಿಯೊಂದು ಮದ್ದೂ ಒಂಟಿಯಾಗಿ ನಿಷ್ಫಲವೆಂದೇ ಕಾಣುತ್ತದೆ. ವೈಫೈ ಬಂದಿತೇ ಇಲ್ಲವೇ ಎಂಬ ಕೊನೆಯ ಫಲವನ್ನೇ ಅಳತೆಗೋಲಾಗಿ ಇಟ್ಟುಕೊಂಡವನು ಸರಿಯಾದ ಮದ್ದನ್ನು ಕೂಡ ತಳ್ಳಿಹಾಕುತ್ತಾನೆ. ಆಯಾ ಮೆಟ್ಟಿಲಿನ ಫಲವನ್ನು ಆಯಾ ಮೆಟ್ಟಿಲಿನಲ್ಲಿಯೇ ನೋಡುವವನಿಗೆ ಈ ಭ್ರಮೆಯಿಲ್ಲ. ಪ್ರಯೋಗಶಾಲೆಯಲ್ಲಿ ನಾವು ಬೋಧಿಸುವ ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮಕ್ಕೆ ಇದನ್ನೂ ಸೇರಿಸಿ ಹೇಳಬೇಕು.

ಬಿಎಸ್‌ಡಿ ವ್ಯವಸ್ಥೆಗಳಲ್ಲಿ ಆಜ್ಞೆಗಳ ಹೆಸರುಗಳು ಕೊಂಚ ಬೇರೆ. ಫ್ರೀಬಿಎಸ್‌ಡಿಯಲ್ಲಿ ಸಾಧನಗಳ ಪಟ್ಟಿಗೆ 'ಪಿಸಿಐಕಾನ್ಫ್', ಓಪನ್‌ಬಿಎಸ್‌ಡಿಯಲ್ಲಿ ಫರ್ಮ್‌ವೇರ್ ತರಲು 'ಎಫ್‌ಡಬ್ಲ್ಯೂ ಅಪ್‌ಡೇಟ್' ಎಂಬವುಗಳಿವೆ. ಕ್ರಮ ಮಾತ್ರ ಒಂದೇ. ಕಾಲೇಜುಗಳಲ್ಲಿ ಹಳೆಯ ಲ್ಯಾಪ್‌ಟಾಪುಗಳನ್ನು ನಿರುಪಯುಕ್ತವೆಂದು ಬದಿಗಿಡುವ ಮುನ್ನ ಅಧ್ಯಾಪಕರು ವಿದ್ಯಾರ್ಥಿಗಳ ಕೈಯಿಂದ ಈ ಐದು ಪರೀಕ್ಷೆಗಳನ್ನು ಮಾಡಿಸಿ, ಪ್ರತಿಯೊಂದರ ಫಲವನ್ನೂ ಪುಸ್ತಕದಲ್ಲಿ ಬರೆಸುವುದು ಉಚಿತ. ಮೊದಲನೆಯ ಮೆಟ್ಟಿಲಿನಲ್ಲಿಯೇ ಕಾರ್ಡು ಕಾಣದೆ, ಬಿಚ್ಚಿ ಮತ್ತೆ ಕೂರಿಸಿದರೂ, ಬಯೋಸ್ ನೋಡಿದರೂ ಕಾಣದೆ ಹೋದಾಗ ಮಾತ್ರ ಅದು ಸತ್ತಿರಬಹುದೆಂದು ಬರೆಯಬೇಕು. ಆಗಲೂ ಕಾರ್ಡಿಗೆ ಬದಲು ಕಾರ್ಡನ್ನು ಹುಡುಕಬೇಕೇ ಹೊರತು ಇಡೀ ಯಂತ್ರವನ್ನಲ್ಲ.