ದೋಣಿಯ ಹವ್ಯಾಸ ಮತ್ತು ಮಕ್ಕಳ ಭಾನುವಾರ

ವಾರದ ಆರು ದಿನ ಯಂತ್ರಗಳ ಸದ್ದಿನ ನಡುವೆಯೋ ಕಚೇರಿಯ ಮೇಜಿನ ಮುಂದೆಯೋ ದುಡಿದ ಮನುಷ್ಯನಿಗೆ ನೀರಿನ ಮೇಲೆ ಕಳೆಯುವ ಎರಡು ಗಂಟೆ ಔಷಧಕ್ಕೆ ಸಮಾನ. ಹುಟ್ಟು ಹಾಕುವಾಗ ತೋಳುಗಳಷ್ಟೇ ಅಲ್ಲ, ಬೆನ್ನು, ಹೊಟ್ಟೆ, ತೊಡೆಗಳ ಸ್ನಾಯುಗಳೂ ದುಡಿಯುತ್ತವೆ. ಉಸಿರಾಟವು ಒಂದು ಲಯಕ್ಕೆ ಬರುತ್ತದೆ. ಕಣ್ಣಿಗೆ ದೂರದ ನೋಟ ದೊರೆಯುತ್ತದೆ. ಆದರೆ ತಂದೆಗೆ ಆರೋಗ್ಯವನ್ನು ಕೊಡುವ ಇದೇ ಹವ್ಯಾಸವು ಮಕ್ಕಳ ಪಾಲಿನ ಏಕೈಕ ಬಿಡುವಿನ ದಿನವನ್ನು ನುಂಗಿಬಿಡಬಲ್ಲುದು. ಕುಡಿತ, ಇಸ್ಪೀಟುಗಳಂತೆ ಇದು ನಿಂದೆಗೆ ಗುರಿಯಾಗುವ ಚಟವಲ್ಲವಾದ್ದರಿಂದ ಮನೆಯವರು ಬಾಯಿಬಿಟ್ಟು ಆಕ್ಷೇಪಿಸುವುದೂ ಕಷ್ಟ.

ಠಾಣೆಯ ವಾಗ್ಳೆ ಎಸ್ಟೇಟ್ ಮಹಾರಾಷ್ಟ್ರದ ಆರಂಭಕಾಲದ ಕೈಗಾರಿಕಾ ಪ್ರದೇಶಗಳಲ್ಲೊಂದು. ಇಲ್ಲಿಯ ಕಾರ್ಖಾನೆಗಳಿಗೆ, ಕ್ಯಾಂಟೀನುಗಳಿಗೆ, ಹೋಟೆಲುಗಳಿಗೆ ದುಡಿಯಲು ಬಂದ ಕನ್ನಡಿಗರಲ್ಲಿ ಉಡುಪಿ, ಕುಂದಾಪುರ, ಕಾರವಾರಗಳ ಕಡೆಯವರು ಅನೇಕರು. ಹೊಳೆ ದಾಟಲು ದೋಣಿಯೇ ಗತಿಯಾಗಿದ್ದ ಊರುಗಳಲ್ಲಿ ಬೆಳೆದವರಿಗೆ ಕಿಸನ್ ನಗರ, ಶ್ರೀನಗರಗಳ ಇಕ್ಕಟ್ಟಿನ ಕೋಣೆಗಳಲ್ಲಿಯೂ ನೀರಿನ ಸೆಳೆತ ಬಿಡುವಂಥದಲ್ಲ. ಇಂದು ಹಲವು ಕಾರ್ಖಾನೆಗಳ ಜಾಗದಲ್ಲಿ ಗಾಜಿನ ಗೋಡೆಯ ಕಂಪ್ಯೂಟರ್ ಕಚೇರಿಗಳು ನಿಂತಿವೆ. ಅಲ್ಲಿಯ ತರುಣ ಉದ್ಯೋಗಿಗಳಲ್ಲಿ ಕಯಾಕ್, ಹಾಯಿದೋಣಿಗಳ ಅಭಿರುಚಿ ಮೂಡುತ್ತಿದೆ. ಠಾಣೆಗೆ ಕೆರೆಗಳ ನಗರವೆಂಬ ಹೆಸರು ಸುಮ್ಮನೆ ಬಂದುದಲ್ಲ. ವಾಗ್ಳೆ ಎಸ್ಟೇಟಿನಲ್ಲಿಯೇ ರೈಲಾದೇವಿ ಕೆರೆ, ಸ್ವಲ್ಪ ದೂರದಲ್ಲಿ ಉಪವನ, ಕೋಪಿನೇಶ್ವರ ದೇವಾಲಯದ ಪಕ್ಕದಲ್ಲಿ ದೋಣಿವಿಹಾರಕ್ಕೆ ಹೆಸರಾದ ಮಾಸುಂದಾ ಕೆರೆ, ಪೂರ್ವಕ್ಕೆ ಠಾಣೆ ಖಾಡಿ.

ಮೊದಲು ಸಮಯದ ಲೆಕ್ಕವನ್ನು ನೋಡಬೇಕು. ಹಾಯಿದೋಣಿ ನಡೆಸುವ ಹವ್ಯಾಸಿಯು ಕೊಲಾಬಾದ ಕಡೆಗೆ ಹೋಗಬೇಕಾದರೆ ಠಾಣೆ ನಿಲ್ದಾಣಕ್ಕೆ ರಿಕ್ಷಾ, ಅಲ್ಲಿಂದ ಲೋಕಲ್ ಗಾಡಿ, ಕೊನೆಗೆ ಬಸ್ಸು ಹೀಗೆ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ದೋಣಿಯನ್ನು ಸಜ್ಜುಗೊಳಿಸಲು, ಮರಳಿದ ಮೇಲೆ ತೊಳೆದು ಹಾಯಿಯನ್ನು ಮಡಿಸಲು ಮತ್ತೆರಡು ಗಂಟೆ. ನೀರಿನ ಮೇಲೆ ಮೂರು ಗಂಟೆ ಕಳೆಯಲು ಒಟ್ಟು ಒಂಬತ್ತು ಗಂಟೆ ಬೇಕು. ಬೆಳಿಗ್ಗೆ ಏಳಕ್ಕೆ ಹೊರಟವನು ಸಂಜೆ ನಾಲ್ಕಕ್ಕೆ ಮನೆ ಸೇರಿ, ಉಂಡು, ದಣಿದು ಮಲಗುತ್ತಾನೆ. ತಿಂಗಳ ನಾಲ್ಕು ಭಾನುವಾರಗಳೂ ಹೀಗೆಯೇ ಸಂದರೆ ಮಗುವಿಗೆ ತಂದೆಯೆಂದರೆ ಒಣಹಾಕಿದ ಒದ್ದೆ ಬಟ್ಟೆ ಮತ್ತು ಗೊರಕೆ, ಇಷ್ಟೇ. ಪಾಳಿಯ ಕೆಲಸದವರ ಪಾಡು ಇನ್ನೂ ಕಠಿಣ. ವಾರದ ರಜೆ ಭಾನುವಾರದಂದು ಬೀಳದ ಕಾರ್ಖಾನೆಗಳೂ ಉಂಟು. ತಂದೆಗೆ ಬಿಡುವಿರುವ ದಿನ ಮಗು ಶಾಲೆಯಲ್ಲಿರುತ್ತದೆ. ಇಂಥವರು ಒಂದು ಅನುಕೂಲವನ್ನು ಗಮನಿಸುವುದಿಲ್ಲ: ಮಗು ಶಾಲೆಗೆ ಹೋದ ಹೊತ್ತಿನಲ್ಲಿ ಹುಟ್ಟು ಹಾಕಿ ಬಂದರೆ ಯಾರ ಪಾಲಿನ ಸಮಯವೂ ಕಳವಾಗುವುದಿಲ್ಲ. ಸಂಜೆ ಶಾಲೆಯ ಬಾಗಿಲಲ್ಲಿ ತಂದೆ ನಿಂತಿರಬೇಕು, ಅಷ್ಟೆ.

ಆರು ವರ್ಷದ ಮಗು ‘ಇವತ್ತೂ ಹೋಗ್ತೀಯಾ ಅಪ್ಪ?’ ಎಂದು ಅಳುಮೋರೆಯಲ್ಲಿ ಕೇಳುತ್ತದೆ. ಹತ್ತು ವರ್ಷಕ್ಕೆ ಬಂದಾಗ ಅದು ಕೇಳುವುದನ್ನೇ ಬಿಟ್ಟಿರುತ್ತದೆ. ಅಳು ನಿಂತಿತೆಂದು ತಂದೆ ಸಮಾಧಾನಪಡುತ್ತಾನೆ. ನಿಜಕ್ಕೂ ಭಯಪಡಬೇಕಾದುದು ಆಗಲೇ.

ಸಮುದ್ರದ ನೀರು ಭಾನುವಾರವನ್ನು ಅರಿಯದು, ತಿಥಿಯನ್ನು ಮಾತ್ರ ಅರಿಯುತ್ತದೆ. ಖಾಡಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ದಿನದಿಂದ ದಿನಕ್ಕೆ ಅದು ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಕೊಂಕಣದ ಮೀನುಗಾರರಲ್ಲಿ ಇದಕ್ಕೊಂದು ಹಳೆಯ ಲೆಕ್ಕವಿದೆ: ತಿಥಿಯ ಸಂಖ್ಯೆಯ ಮುಕ್ಕಾಲು ಪಾಲೇ ಉಬ್ಬರದ ಗಂಟೆ. ಅಷ್ಟಮಿಯಂದು ಎಂಟರ ಮುಕ್ಕಾಲು ಆರು, ಅಂದರೆ ಸುಮಾರು ಆರು ಗಂಟೆಗೆ ತುಂಬು ನೀರು. ದಶಮಿಯಂದು ಏಳೂವರೆ. ಹುಣ್ಣಿಮೆ, ಅಮಾವಾಸ್ಯೆಗಳಂದು ನಡುಹಗಲಿನ ಸುಮಾರಿಗೆ. ಖಾಡಿಯ ಒಳತುದಿಗೆ ನೀರು ಇನ್ನಷ್ಟು ತಡವಾಗಿ ತಲುಪುತ್ತದೆ. ಇದು ಅಂದಾಜಿನ ಲೆಕ್ಕವಾದ್ದರಿಂದ ನೀರಿಗಿಳಿಯುವ ಮುನ್ನ ಮುದ್ರಿತ ಉಬ್ಬರದ ಕೋಷ್ಟಕವನ್ನು ನೋಡಲೇಬೇಕು. ಆದರೆ ತಿಂಗಳ ಮೊದಲ ದಿನ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಯೋಜನೆ ಹಾಕಲು ಇಷ್ಟು ಸಾಕು.

ಇದರ ಪ್ರಯೋಜನವೇನೆಂದರೆ, ದಶಮಿ, ಏಕಾದಶಿಗಳು ಭಾನುವಾರ ಬಿದ್ದರೆ ಮುಂಜಾನೆಯೇ ಹೊರಟು, ಮಕ್ಕಳು ತಿಂಡಿ ತಿಂದು ಮುಗಿಸುವುದರೊಳಗೆ ಮರಳಬಹುದು. ಅದು ತಂದೆಯ ದೋಣಿಯ ದಿನ. ಚೌತಿ, ಪಂಚಮಿಗಳ ಭಾನುವಾರ ಮಧ್ಯಾಹ್ನ ಮೂರು, ನಾಲ್ಕರ ಸುಮಾರಿಗೆ ನೀರು ತುಂಬುತ್ತದೆ. ಬಿಸಿಲು ಇಳಿಯುವ ಆ ಹೊತ್ತು ಮಕ್ಕಳನ್ನು ಕರೆದೊಯ್ಯಲು ತಕ್ಕುದು. ಹುಣ್ಣಿಮೆ, ಅಮಾವಾಸ್ಯೆಗಳ ಭಾನುವಾರ ನಡುಹಗಲನ್ನೇ ಕೇಳುತ್ತದೆ, ಸೆಳೆತವೂ ಹೆಚ್ಚು; ಆ ದಿನವನ್ನು ಸಂಪೂರ್ಣ ಮನೆಗೇ ಬಿಟ್ಟುಕೊಡುವುದು ಲೇಸು. ಹೊರಡುವುದು ನೀರು ಏರುತ್ತಿರುವಾಗ, ಮರಳುವುದು ಇಳಿತ ಬಲಿಯುವ ಮುನ್ನ. ಹೊತ್ತು ಮೀರಿದವನ ದೋಣಿ ಕೆಸರುಬಯಲಿನಲ್ಲಿ ಕುಳಿತುಬಿಡುತ್ತದೆ, ಮುಂದಿನ ಉಬ್ಬರದವರೆಗೆ ಏಳದು. ಮಗುವಿಗೆ ಕೊಟ್ಟ ಮಾತೂ ಅಲ್ಲೇ ಕೆಸರಿನಲ್ಲಿ ಹೂತುಹೋಗುತ್ತದೆ.

ಮಕ್ಕಳನ್ನೇ ದೋಣಿಗೆ ಹತ್ತಿಸಿಕೊಂಡರೆ ಎರಡೂ ಒಟ್ಟಿಗೆ ಸಾಧಿಸಿತಲ್ಲ ಎಂದು ಹಲವರು ಭಾವಿಸುತ್ತಾರೆ. ಇದು ಅರ್ಧ ಸತ್ಯ. ಗಾಳಿ, ಹಾಯಿ, ಚುಕ್ಕಾಣಿಗಳ ಮೇಲೆ ಗಮನವಿಟ್ಟ ತಂದೆ ಮಗುವಿನ ಪಕ್ಕದಲ್ಲಿದ್ದರೂ ಮಗುವಿನ ಜೊತೆಗಿರುವುದಿಲ್ಲ. ಹುಟ್ಟಿನ ದೋಣಿಯ ಗುಣವೇ ಬೇರೆ. ಅದರಲ್ಲಿ ಹುಟ್ಟು ಹಾಕುವವನು ಹಿಂಭಾಗಕ್ಕೆ ಮುಖಮಾಡಿ ಕುಳಿತಿರುತ್ತಾನೆ. ಹಿಂದಿನ ಹಲಗೆಯ ಮೇಲೆ ಕುಳಿತ ಮಗು ಅವನಿಗೆ ಎದುರಾಗಿರುತ್ತದೆ. ಮನೆಯಲ್ಲಿ ದೂರದರ್ಶನದ ಕಡೆಗೆ ತಿರುಗಿ ಉಣ್ಣುವ ತಂದೆಮಕ್ಕಳಿಗೆ ಇಷ್ಟು ಹೊತ್ತು ಮುಖಾಮುಖಿ ಕೂರುವ ಯೋಗ ಬೇರೆಲ್ಲಿ ಬಂದೀತು? ಹೀಗಾಗಿ ಮೊದಲ ಪಾಠಕ್ಕೆ ಖಾಡಿಗಿಂತ ಕೆರೆಯೇ ಮೇಲು, ಅರ್ಧ ಗಂಟೆಯೇ ಸಾಕು. ಹೆದರಿದ ಮಗುವನ್ನು ‘ಹೆದರುಪುಕ್ಕಲ’ನೆಂದು ಹಂಗಿಸಿ ಹತ್ತಿಸುವುದು ಸಲ್ಲದು, ದಡದಲ್ಲಿ ಕುಳಿತು ನೋಡುವುದೂ ಆರಂಭವೇ. ಹತ್ತಿದ ಮಗುವಿಗೆ ಕೈತುಂಬ ಕೆಲಸ ಕೊಡಬೇಕು: ಹಗ್ಗ ಸುತ್ತುವುದು, ಒಳಬಂದ ನೀರನ್ನು ತಂಬಿಗೆಯಿಂದ ಹೊರಚೆಲ್ಲುವುದು, ಹಕ್ಕಿಗಳನ್ನು ಎಣಿಸುವುದು. 2015ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದು ಘೋಷಿತವಾಗಿ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಠಾಣೆ ಖಾಡಿಯಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಎಣಿಸಲು ಹಕ್ಕಿಗಳಿಗೇನೂ ಕೊರತೆಯಿಲ್ಲ.

ಮಗು ತಾನೇ ದೋಣಿ ನಡೆಸಬೇಕೆಂದು ಹಟಮಾಡುವ ಕಾಲವೂ ಬರುತ್ತದೆ. ಅಮೆರಿಕದ ಕ್ಲಾರ್ಕ್ ಮಿಲ್ಸ್ ಎಂಬಾತ 1947ರಲ್ಲಿ ಮಕ್ಕಳಿಗೆಂದೇ ‘ಆಪ್ಟಿಮಿಸ್ಟ್’ ಎಂಬ ಪುಟ್ಟ ಹಾಯಿದೋಣಿಯನ್ನು ರೂಪಿಸಿದನು. ಎಂಟಡಿಗೂ ಕಡಿಮೆ ಉದ್ದ, ಸುಮಾರು 35 ಕಿಲೋ ತೂಕ. ಹದಿನೈದು ವರ್ಷದೊಳಗಿನವರು ಒಬ್ಬೊಬ್ಬರಾಗಿ ನಡೆಸುವ ಈ ದೋಣಿಯಲ್ಲಿ ಇಂದು ಭಾರತದ ಮಕ್ಕಳೂ ಸ್ಪರ್ಧಿಸುತ್ತಾರೆ. ಆಗ ದಡದಲ್ಲಿ ಕಾಯುವ ಸರದಿ ತಂದೆಯದು.

ಸುರಕ್ಷತೆಯ ಮಾತಿಗೆ ಬಂದರೆ ಇಲ್ಲಿ ಔದಾರ್ಯಕ್ಕೆ ಎಡೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. 5ರಿಂದ 14 ವರ್ಷದ ಮಕ್ಕಳ ಮರಣಕ್ಕೆ ಇದು ಮೂರನೆಯ ದೊಡ್ಡ ಕಾರಣ. 2024ರ ಜನವರಿ 18ರಂದು ವಡೋದರಾದ ಹರ್ಣಿ ಕೆರೆಯಲ್ಲಿ ಮಿತಿಮೀರಿ ತುಂಬಿದ್ದ ದೋಣಿ ಮಗುಚಿ 12 ವಿದ್ಯಾರ್ಥಿಗಳೂ ಇಬ್ಬರು ಶಿಕ್ಷಕಿಯರೂ ತೀರಿಕೊಂಡರು. ಅದು ಸಮುದ್ರವಲ್ಲ, ನಗರದ ನಡುವಿನ ಕೆರೆ. ಜೀವರಕ್ಷಕ ಜಾಕೀಟು ಮಗುವಿನ ತೂಕಕ್ಕೆ ಹೊಂದಬೇಕು. ದೊಡ್ಡವರ ಜಾಕೀಟು ನೀರಿನಲ್ಲಿ ಮೇಲಕ್ಕೆದ್ದು ಮಗುವಿನ ತಲೆಯಿಂದ ಕಳಚಿಕೊಳ್ಳಬಹುದು. ಭುಜದ ಪಟ್ಟಿಗಳನ್ನು ಹಿಡಿದು ಮೇಲೆತ್ತಿದಾಗ ಅದು ಗಲ್ಲ, ಕಿವಿಗಳವರೆಗೆ ಸರಿದರೆ ಅಳತೆ ಸರಿಯಿಲ್ಲವೆಂದೇ ತಿಳಿಯಬೇಕು. ಗಾಳಿ ತುಂಬಿದ ಆಟದ ಟ್ಯೂಬು ಜಾಕೀಟಿಗೆ ಬದಲಿಯಲ್ಲ. ಈಜು ಬಾರದ ಒಂದು ಮಗುವಿಗೆ ಅದನ್ನೇ ನೋಡಿಕೊಳ್ಳುವ ಒಬ್ಬ ಹಿರಿಯರಿರಬೇಕು. ಚುಕ್ಕಾಣಿ ಹಿಡಿದವನನ್ನು ಈ ಲೆಕ್ಕಕ್ಕೆ ಸೇರಿಸಬಾರದು.

ಮುಳುಗುತ್ತಿರುವ ಮಗು ಕೂಗಿ ಕರೆಯುತ್ತದೆಂಬುದು ಚಲನಚಿತ್ರಗಳಿಂದ ಬಂದ ತಪ್ಪು ಕಲ್ಪನೆ. ಉಸಿರಿಗೇ ಅವಕಾಶವಿಲ್ಲದಾಗ ಕೂಗು ಎಲ್ಲಿಂದ ಬರಬೇಕು? ಅದು ಸದ್ದಿಲ್ಲದೆ ಕೆಳಗಿಳಿಯುತ್ತದೆ. ಮೇಲೆತ್ತಿದ ಮಗುವನ್ನು ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸುವ, ಹೊಟ್ಟೆ ಒತ್ತಿ ನೀರು ತೆಗೆಯುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅದರಿಂದ ಅಮೂಲ್ಯ ನಿಮಿಷಗಳು ವ್ಯರ್ಥವಾಗುತ್ತವೆ, ವಾಂತಿ ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ. ಉಸಿರಿಲ್ಲದಿದ್ದರೆ ಕೂಡಲೇ ಅಂಗಾತ ಮಲಗಿಸಿ, ಬಾಯಿಗೆ ಬಾಯಿಯಿಟ್ಟು ಉಸಿರು ಕೊಡಲಾರಂಭಿಸಿ, ಎದೆಯೊತ್ತುವಿಕೆಯನ್ನು ಜೊತೆಗೂಡಿಸಬೇಕು. ಇನ್ನೊಬ್ಬರು ಆಂಬುಲೆನ್ಸಿಗೆ ಕರೆ ಕಳುಹಿಸಬೇಕು. ಇದನ್ನು ಓದಿ ತಿಳಿದರೆ ಸಾಲದು, ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ ಕೈಯಾರೆ ಮಾಡಿ ಕಲಿಯಬೇಕು. ಚೇತರಿಸಿಕೊಂಡ ಮಗುವನ್ನೂ ವೈದ್ಯರಿಗೆ ತೋರಿಸದೆ ಮನೆಗೆ ಕರೆದೊಯ್ಯಬಾರದು.

ಸಣ್ಣಪುಟ್ಟ ತೊಂದರೆಗಳೂ ಇವೆ. ನೀರಿನಿಂದ ಪ್ರತಿಫಲಿಸುವ ಬಿಸಿಲಿಗೆ ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ ಬೇಕು. ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಪ್ರಯಾಣದ ವಾಕರಿಕೆ ಹೆಚ್ಚು. ಹೊಟ್ಟೆತುಂಬ ಉಣಿಸಿ ಕರೆತರಬಾರದು. ಖಾಡಿಗೆ ಚರಂಡಿಯ ನೀರು ಸೇರುವುದರಿಂದ ಅಲ್ಲಿ ಈಜಿಸುವುದು ಬೇಡ. ಕಾಲಿನಲ್ಲಿ ಗಾಯವಿದ್ದಾಗ ಮಳೆಗಾಲದ ಕೊಳಕು ನೀರಿಗಿಳಿದರೆ ಇಲಿಯ ಮೂತ್ರದಿಂದ ಹರಡುವ ಲೆಪ್ಟೋಸ್ಪೈರೋಸಿಸ್ ತಗುಲಬಹುದು. ಅನಂತರ ಜ್ವರ, ಮೈಕೈನೋವು, ಕಣ್ಣು ಕೆಂಪಾಗುವುದು ಕಂಡರೆ ನೀರಿಗಿಳಿದ ವಿಷಯವನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಈ ಲೆಕ್ಕಾಚಾರದಲ್ಲೆಲ್ಲ ತಾಯಿಯ ಹೆಸರು ಬಾರದಿರುವುದು ವಿಚಿತ್ರವಾದರೂ ಮನೆಮನೆಯ ಸತ್ಯ. ತಂದೆ ನೀರಿನ ಮೇಲಿರುವಾಗ ಮಕ್ಕಳ ಸ್ನಾನ, ಊಟ, ಪಾಠಗಳೆಲ್ಲ ಅವಳ ಪಾಲಿಗೆ; ಅವಳಿಗೆ ಭಾನುವಾರವೆಂಬುದೇ ಇಲ್ಲ. ಮಕ್ಕಳನ್ನು ಕೆರೆಗೆ ಕರೆದೊಯ್ಯುವ ಸಂಜೆ ಅವಳಿಗೂ ಬಿಡುವು ದೊರೆಯಬೇಕಾದರೆ, ಮರಳಿ ಬಂದ ಮೇಲೆ ಒದ್ದೆ ಬಟ್ಟೆಗಳನ್ನು ತಂದೆಯೇ ಒಗೆದು ಒಣಹಾಕುವುದು ನ್ಯಾಯ.

ಜೂನಿನಿಂದ ಮಳೆಗಾಲ ಮುಗಿಯುವವರೆಗೆ ಹವ್ಯಾಸಿಗಳ ದೋಣಿಗಳು ದಡ ಸೇರುತ್ತವೆ. ಹಗ್ಗದ ಗಂಟುಗಳನ್ನು ಮಂಚದ ಕಾಲಿಗೆ ಕಟ್ಟಿ ಕಲಿಸಲು, ಕ್ಯಾಲೆಂಡರಿನಲ್ಲಿ ಉಬ್ಬರದ ಲೆಕ್ಕ ಹಾಕಿಸಲು, ಮಹಾನಗರಪಾಲಿಕೆಯ ಈಜುಕೊಳಕ್ಕೆ ಮಕ್ಕಳನ್ನು ಸೇರಿಸಲು ಇದೇ ಕಾಲ. ಶ್ರಾವಣ ಹುಣ್ಣಿಮೆಯಂದು ಠಾಣೆಯ ಚೆಂದಣಿ ಕೋಳಿವಾಡೆಯ ಮೀನುಗಾರರು ಮಡದಿ ಮಕ್ಕಳೊಡನೆ ಮೆರವಣಿಗೆಯಲ್ಲಿ ಹೋಗಿ ಖಾಡಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಮಲ್ಪೆಯಲ್ಲಿಯೂ ಅದೇ ಋತುವಿನಲ್ಲಿ ಸಮುದ್ರಪೂಜೆ. ಆ ಸಂಜೆ ಮಕ್ಕಳನ್ನು ಚೆಂದಣಿಯ ದಡಕ್ಕೆ ಕರೆದೊಯ್ದರೆ, ನೀರನ್ನೇ ನಂಬಿ ಬದುಕುವವರು ಅದರೆದುರು ಕೈಮುಗಿಯುವುದನ್ನು ಅವರೂ ನೋಡುತ್ತಾರೆ.