ಹಳೆಯ 911ಗೆ ಹೊಸ ದರ್ಜೆಯ ಆಯಿಲ್ ಯಾಕೆ ಸಾಲದು?

ಡಬ್ಬಿಯ ಮೇಲೆ ಎಪಿಐ ಎಸ್‌ಪಿಯಂಥ ಹೊಸ ದರ್ಜೆಯ ಹೆಸರಿದ್ದರೆ ಆ ಆಯಿಲ್ ಎಲ್ಲಕ್ಕೂ ಮೇಲು ಅನ್ನಿಸುತ್ತದೆ. 1970ರ ದಶಕದ ಏರ್‌ಕೂಲ್ಡ್ ಪೋರ್ಷ 911ರ ಮಟ್ಟಿಗೆ ಈ ಲೆಕ್ಕ ತಪ್ಪುತ್ತದೆ. ಅದರ ರಾಕರ್ ತೋಳುಗಳು ಕ್ಯಾಮ್‌ನ ಉಬ್ಬಿನ ಮೇಲೆ ಉರುಳುವುದಿಲ್ಲ, ಉಜ್ಜಿಕೊಂಡೇ ಜಾರುತ್ತವೆ. ಆ ಒತ್ತಡಕ್ಕೆ ಆಯಿಲ್ ಪದರ ಹರಿದಾಗ ಲೋಹವನ್ನು ಕಾಯುವುದು ಝಡ್‌ಡಿಡಿಪಿ ಎಂಬ ಸತು-ರಂಜಕದ ಸಂಯುಕ್ತ. ಶಾಖ, ಘರ್ಷಣೆಗೆ ಒಡೆದು ಅದು ಲೋಹದ ಮೇಲೆ ತೆಳುವಾದ ಕವಚ ಕಟ್ಟುತ್ತದೆ. ಆದರೆ ಇದೇ ರಂಜಕ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ವಿಷ. ಆದ್ದರಿಂದ 2004ರಲ್ಲಿ ಬಂದ ಎಸ್‌ಎಂ ದರ್ಜೆ 5ಡಬ್ಲ್ಯೂ-30ನಂಥ ತೆಳು ಆಯಿಲ್‌ಗಳಲ್ಲಿ ರಂಜಕವನ್ನು ಶೇಕಡಾ 0.08ಕ್ಕೆ, ಅಂದರೆ 800 ಪಿಪಿಎಂಗೆ ಕಟ್ಟಿಹಾಕಿತು; ಎಸ್‌ಪಿಯಲ್ಲೂ ಅದೇ ಮಿತಿ.

ಹಾಗಾದರೆ ದಪ್ಪನೆಯ 20ಡಬ್ಲ್ಯೂ-50 ಹಾಕಿದರೆ ಮುಗಿಯಿತಲ್ಲ? ಅರ್ಧ ನಿಜ. ಅದಕ್ಕೆ ಆ ಮಿತಿ ಅನ್ವಯಿಸುವುದಿಲ್ಲ; ಆದರೆ ಮಿತಿಯಿಲ್ಲ ಎಂದ ಮಾತ್ರಕ್ಕೆ ರಂಜಕ ತುಂಬಿದೆ ಎಂದಲ್ಲ. 20ಡಬ್ಲ್ಯೂ-50 ಎಂಬ ಅಂಕಿ ಹೇಳುವುದು ಹರಿವನ್ನು, ರಸಾಯನವನ್ನಲ್ಲ. ತಯಾರಕರ ದತ್ತಾಂಶ ಹಾಳೆ ತೆರೆದು, ರಂಜಕ 1,200 ಪಿಪಿಎಂ ಆಸುಪಾಸಿದೆಯೇ ನೋಡಬೇಕು. ಮಾಮೂಲಿ ಆಯಿಲ್‌ಗೇ ಒಂದು ಸೀಸೆ ಝಡ್‌ಡಿಡಿಪಿ ಸುರಿಯುವವರಿದ್ದಾರೆ (ಅಂಗಡಿಯವರಿಗೆ ಖುಷಿ). ಅಳತೆ ಮೀರಿದರೆ ಅದು ಲೋಹವನ್ನೇ ಕೊರೆಯಬಲ್ಲದು, ಉಳಿದ ಸೇರ್ಪಡೆಗಳ ಹದವನ್ನೂ ಕೆಡಿಸುತ್ತದೆ. ಮೊದಲೇ ಹದವಾಗಿ ಬೆರೆಸಿದ ಆಯಿಲ್ ಲೇಸು. ಕನ್ವರ್ಟರ್ ಇರುವ ಕಾರಾದರೆ? ಅದರ ಆಯುಷ್ಯ ಸ್ವಲ್ಪ ತಗ್ಗಬಹುದು. ಆದರೂ ನನ್ನ ಆಯ್ಕೆ ಕ್ಯಾಮ್‌ನ ಪರ: ಕನ್ವರ್ಟರನ್ನು ಹೊರಗಿನಿಂದಲೇ ಬಿಚ್ಚಿ ಬದಲಿಸಬಹುದು, ಕ್ಯಾಮ್ ಸವೆದರೆ ಎಂಜಿನ್ನನ್ನೇ ಬಿಚ್ಚಬೇಕಾಗುತ್ತದೆ.