ಕಳ್ಳನಿಗೆ ಹಾಕಿದ ಬೀಗ

ಚಿಕ್ಕಪೇಟೆಯ ಸೀರೆ ಅಂಗಡಿಯೊಂದರ ಮೂರನೇ ಮಹಡಿಗೆ ಹತ್ತುತ್ತಿದ್ದೆ. ಮೆಟ್ಟಿಲಿನ ಅರ್ಧ ಜಾಗ ಬಟ್ಟೆ ಬಂಡಲುಗಳ ಪಾಲು. ಮೇಲಿನಿಂದ ಯಾರಾದರೂ ಇಳಿದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ತಿರುವಿನಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್, ಅದರ ಕುತ್ತಿಗೆಗೆ ಯಾರದೋ ಒದ್ದೆ ಟವೆಲ್. ಸರಿಸಿ ನೋಡಿದರೆ ಒತ್ತಡ ತೋರಿಸುವ ಮುಳ್ಳು ಹಸಿರು ದಾಟಿ ಕೆಂಪಿಗೆ ಬಿದ್ದಿತ್ತು. “ಚೆಕಿಂಗ್‌ಗೆ ಬಂದೋರಿಗೆ ತೋರ್ಸೋಕೆ ಸಾರ್ ಅದು” ಎಂದ ಕೆಲಸದ ಹುಡುಗ. ಹಿಂಬಾಗಿಲಿಗೆ ಬೀಗ. ಕೀಲಿ ಕೆಳಗೆ ಗಲ್ಲಾದಲ್ಲಿ. “ಬೀಗ ಹಾಕ್ದಿದ್ರೆ ಸೀರೆ ಎತ್ಕೊಂಡು ಹೋಗ್ಬಿಡ್ತಾರೆ.”

ಕಳ್ಳನ ಭಯ ವ್ಯಾಪಾರಿಗೆ ದಿನಾ ಇರುವಂಥದ್ದು, ಬೆಂಕಿಯದು ಪೇಪರಿನಲ್ಲಿ ಓದುವಂಥದ್ದು.

ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಬೆಂಗಳೂರಿನವರಿಗೆ ಮರೆತಿರಲಾರದು. 2010ರ ಫೆಬ್ರುವರಿ 23ರಂದು ವಿದ್ಯುತ್ ಕೇಬಲ್‌ಗಳ ಡಕ್ಟ್‌ನಲ್ಲಿ ಬೆಂಕಿ ಹೊತ್ತಿತು. ಮೇಲಿನ ಮಹಡಿಗಳಿಗೆ ಏರಿದ್ದು ಹೊಗೆ. ಸತ್ತವರು 9 ಮಂದಿ, ಉಸಿರು ಕಟ್ಟಿ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ಕೇಬಲ್ ಮಹಡಿಯಿಂದ ಮಹಡಿಗೆ ಹೋಗುವ ಕಿಂಡಿಯನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚದಿದ್ದರೆ ಇಡೀ ಡಕ್ಟ್ ಒಂದು ಹೊಗೆಗೂಡು. ಹೊಸ ಇಂಟರ್‌ನೆಟ್ ವೈರು ಎಳೆಯಲು ಬಂದವನು ಆ ಮುಚ್ಚಿಗೆ ಕಿತ್ತು ಹಾಗೇ ಬಿಟ್ಟು ಹೋದರೆ ಯಾರು ಗಮನಿಸುತ್ತಾರೆ?

2018ರ ಜನವರಿ 8ರ ನಸುಕಿನಲ್ಲಿ ಕೆ.ಆರ್. ಮಾರುಕಟ್ಟೆ ಬಳಿಯ ಬಾರ್ ಒಂದರಲ್ಲಿ ಬೆಂಕಿ ಬಿದ್ದಾಗ ಸತ್ತ 5 ಜನ ಗಿರಾಕಿಗಳಲ್ಲ; ಕೆಲಸ ಮುಗಿಸಿ ಒಳಗೇ ಮಲಗಿದ್ದ ಹುಡುಗರು. ರಾತ್ರಿ ಅಂಗಡಿಯೇ ಮನೆಯಾದವರ ಲೆಕ್ಕ ಯಾವ ಅರ್ಜಿಯಲ್ಲೂ ಇರುವುದಿಲ್ಲ.

ಯಾರ ಹೊಣೆ ಎಂದರೆ ಬಾಡಿಗೆದಾರ ಕಟ್ಟಡದ ಮಾಲೀಕರತ್ತ ಕೈ ತೋರಿಸುತ್ತಾರೆ, ಮಾಲೀಕರು ಅಗ್ನಿಶಾಮಕ ಇಲಾಖೆಯ ಎನ್‌ಒಸಿ ತೋರಿಸುತ್ತಾರೆ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು ಬೆಂಕಿ ಬಿದ್ದು 59 ಜನ ಸತ್ತರು. ಬಾಲ್ಕನಿಯ ಒಂದು ಬದಿಯ ದಾರಿಯನ್ನು ಹೆಚ್ಚುವರಿ ಸೀಟುಗಳು ನುಂಗಿದ್ದವು. 2015ರಲ್ಲಿ ಸುಪ್ರೀಂ ಕೋರ್ಟ್ ಮಾಲೀಕ ಸಹೋದರರಿಗೆ ಒಟ್ಟು 60 ಕೋಟಿ ರೂಪಾಯಿ ದಂಡ ಹಾಕಿತು. ಸೀಟು ಹಾಕಿಸಿ ಸಂಪಾದಿಸಿದ್ದೆಷ್ಟೋ!

ಕಾಗದ ಬೇಡವೆನ್ನುತ್ತಿಲ್ಲ. ಆದರೆ ಮೆಟ್ಟಿಲ ಮೇಲಿನ ಬಂಡಲು ಕಾಗದಕ್ಕೆ ಕಾಣುವುದಿಲ್ಲ. ಚಿಕ್ಕ ಸಿಲಿಂಡರಿನ ಪುಡಿ ಅರ್ಧ ನಿಮಿಷವೂ ಬರುವುದಿಲ್ಲ. ಪಿನ್ನು ಕಿತ್ತು ಉರಿಯ ಬುಡಕ್ಕೆ ಹಿಡಿಯುವುದನ್ನು ಕಳೆದ ವಾರ ಸೇರಿದ ಹುಡುಗನೂ ಒಮ್ಮೆ ಕೈಯಾರೆ ಮಾಡಿರಬೇಕು.

ಬೀಗದ ತಕರಾರಿಗೂ ದಾರಿಯಿದೆ. ಬಾಗಿಲಿಗೆ ಅಡ್ಡಲಾಗಿ ಒಂದು ಸರಳು. ಹೊರಗಿನಿಂದ ತೆರೆಯದು, ಒಳಗಿನಿಂದ ಮೈಯಿಂದ ಒತ್ತಿದರೂ ಸಾಕು. ತೆರೆದ ಕೂಡಲೇ ಕೂಗಿಕೊಳ್ಳುವ ಅಲಾರಂ ಜೋಡಿಸಿದರೆ ಕಳ್ಳನೂ ಸಿಕ್ಕಿಬೀಳುತ್ತಾನೆ. ಇಳಿದು ಬರುವಾಗ ಗಲ್ಲಾದಲ್ಲಿದ್ದ ಯಜಮಾನರಿಗೆ ಇದನ್ನು ಹೇಳಿದೆ.

“ಎಷ್ಟಾಗತ್ತೆ?” ಎಂದರು. ಅಷ್ಟರಲ್ಲಿ ಹುಡುಗ ಇನ್ನೊಂದು ಬಂಡಲು ಹೊತ್ತು ಮೆಟ್ಟಿಲು ಹತ್ತುತ್ತಿದ್ದ.